ಬಾದಶಾ ಕಿವಿ ಮಡಚಿದ

ಕುದುರೆ ನಿಮ್ಮ ಮನಸ್ಸಿನ ಕನ್ನಡಿ ಅನ್ನುವ ಮಾತು ಈಚೆಗೆ ತುಂಬಾ ಕಿವಿಗೆ ಬೀಳುತ್ತಿದೆ. ಕುದುರೆಗಳ ಜೊತೆ ಅರ್ಧ ದಿನ ಕಳೆಯಿರಿ, ನಾಯಕತ್ವ ಬರುತ್ತದೆ, ಧೈರ್ಯ ಬರುತ್ತದೆ, ಹಳೇ ನೋವೆಲ್ಲ ಕರಗುತ್ತದೆ ಅಂತ ವಾಟ್ಸಾಪಿನಲ್ಲಿ ಜಾಹೀರಾತುಗಳು ಓಡಾಡುತ್ತವೆ. ಫೋಟೋದಲ್ಲಿ ಯಾರೋ ಬಿಳಿ ಅಂಗಿ ತೊಟ್ಟು, ಕುದುರೆಯ ಹಣೆಗೆ ಹಣೆ ತಾಗಿಸಿ, ಕಣ್ಣು ಮುಚ್ಚಿ ನಿಂತಿರುತ್ತಾರೆ. ನನಗೆ ಆ ಫೋಟೋ ನೋಡಿದರೆ ಪಾಪ ಕುದುರೆ ಅನ್ನಿಸುತ್ತದೆ. ಅದರ ಕಣ್ಣು ಇರುವುದು ತಲೆಯ ಎರಡು ಬದಿಗೆ. ಸುತ್ತಲಿನ ಸುಮಾರು 350 ಡಿಗ್ರಿ ಅದಕ್ಕೆ ಕಾಣುತ್ತದೆ. ಕಾಣದೇ ಇರುವುದು ಎರಡೇ ಕಡೆ: ಬಾಲದ ಹಿಂದೆ, ಮತ್ತು ಹಣೆಯ ಎದುರಿಗೇ. ಹಣೆಗೆ ಹಣೆ ಕೊಟ್ಟವರು ಅದಕ್ಕೆ ಕಾಣದ ಜಾಗವನ್ನೇ ಹುಡುಕಿಕೊಂಡು ಹೋಗಿ ನಿಂತ ಹಾಗಾಯಿತು.

ಹಾಗಂತ ಕುದುರೆಯಿಂದ ಏನೂ ಕಲಿಯೋಕೆ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ನಾನು ಕಲಿತಿದ್ದೇನೆ. ಆದರೆ ಜಾಹೀರಾತಿನಲ್ಲಿ ಹೇಳುವಂಥದ್ದನ್ನಲ್ಲ. ಕಲಿತದ್ದರಿಂದ ಮನೆಯಲ್ಲಿ, ಆಫೀಸಿನಲ್ಲಿ ನನ್ನ ಹೆಸರು ಸ್ವಲ್ಪ ಕೆಟ್ಟಿದೆ ಕೂಡ. ಆ ಕಥೆ ಮುಂದೆ ಬರುತ್ತದೆ.

ನಾನು ಮೈಸೂರಿನವಳು. ವಿಮೆ ಆಫೀಸೊಂದರ ಕ್ಲೇಮು ಕೌಂಟರಿನಲ್ಲಿ ಕೂರುವುದು ನನ್ನ ಕೆಲಸ. ಮೊನ್ನೆ ಮೊನ್ನೆ ಗಂಡನನ್ನು ಕಳೆದುಕೊಂಡ ಹೆಂಗಸು ಫಾರಂ ಹಿಡಿದು ಎದುರಿಗೆ ಕೂತಿರುತ್ತಾಳೆ. ಪಕ್ಕದಲ್ಲಿ ದುಡ್ಡು ಯಾವತ್ತು ಬರುತ್ತೆ ಅಂತ ಮೇಜು ಕುಟ್ಟುವ ಮೈದುನ. ಇಬ್ಬರ ಎದುರೂ ಒಂದೇ ಥರ ಮುಖ ಇಟ್ಟುಕೊಳ್ಳುವುದು ನನಗೆ ಚೆನ್ನಾಗಿ ಬರುತ್ತದೆ. ದನಿ ಏರುವುದಿಲ್ಲ, ಹುಬ್ಬು ಗಂಟಿಕ್ಕುವುದಿಲ್ಲ. ಹೊಸದಾಗಿ ಸೇರಿದವರಿಗೆ ನನ್ನನ್ನು ತೋರಿಸಿ "ಮೇಡಮ್ ಥರ ಇರಬೇಕು, ಏನಾದರೂ ಅಲ್ಲಾಡಲ್ಲ" ಅನ್ನುವುದುಂಟು. ಸಂಜೆ ಮನೆಗೆ ಬಂದರೆ ಕತ್ತು ಹಿಡಿದುಕೊಂಡಿರುತ್ತಿತ್ತು, ದವಡೆ ನೋಯುತ್ತಿತ್ತು. ಕಂಪ್ಯೂಟರ್ ನೋಡಿ ನೋಡಿ ಹೀಗಾಗಿದೆ ಅಂದುಕೊಂಡು ಅಮೃತಾಂಜನ ಹಚ್ಚುತ್ತಿದ್ದೆ.

ಕುದುರೆಗಳ ಹತ್ತಿರ ನನ್ನನ್ನು ಕರೆದುಕೊಂಡು ಹೋದವಳು ಅಕ್ಕನ ಮಗಳು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಕುದುರೆ ಸವಾರಿಯಲ್ಲಿ ಎರಡು ಬೆಳ್ಳಿ ಗೆದ್ದರಲ್ಲ, ಅದಾದ ಮೇಲೆ ಇವಳಿಗೆ ಕುದುರೆ ಹುಚ್ಚು ಹಿಡಿಯಿತು. ರೈಡಿಂಗ್ ಕ್ಲಾಸಿಗೆ ಬಿಟ್ಟು ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಓಡಿಸುವಷ್ಟು ಹೊತ್ತು ನಾನು ಲಾಯದ ಕಟ್ಟೆ ಮೇಲೆ ಕೂತು ಫೋನು ನೋಡುತ್ತಿದ್ದೆ. ಒಂದು ದಿನ ಅಲ್ಲಿನ ಹಿರಿಯ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು, ನನ್ನ ಕೈಗೆ ಒಂದು ರಬ್ಬರ್ ಬ್ರಶ್ ಕೊಟ್ಟು "ಸುಮ್ನೆ ಕೂತಿದೀರಲ್ಲ ಮೇಡಮ್, ಮೈ ಉಜ್ಜಿ" ಅಂದರು. ಎಲ್ಲರೂ ಅವರನ್ನು ಚಾಚಾ ಅಂತಲೇ ಕರೆಯುವುದು. ಹುಡುಗಿ ಆಮೇಲೆ ಇಂಜಿನಿಯರಿಂಗ್ ಅಂತ ಊರು ಬಿಟ್ಟಳು. ನಾನು ಲಾಯಕ್ಕೆ ಹೋಗುವುದು ಬಿಡಲಿಲ್ಲ. ಕುದುರೆ ಕಂಡರೆ ಕಾಲುನೋವು ಅನ್ನುವ ಗಾದೆ ಇದೆಯಲ್ಲ, ನನ್ನ ಗಂಡ ಅದನ್ನು ತಿರುಗಿಸಿ "ನಿನಗೆ ಕುದುರೆ ಕಂಡರೆ ಮಾತ್ರ ಕಾಲುನೋವು ಹೋಗುತ್ತೆ" ಅನ್ನುತ್ತಾರೆ.

ಮೈ ಉಜ್ಜುವುದು ಅಂದರೆ ಅಷ್ಟು ಸುಲಭದ ಕೆಲಸವೇನಲ್ಲ. ಒಂದು ನೊಣ ಕೂತರೂ ಕುದುರೆಯ ಚರ್ಮಕ್ಕೆ ಗೊತ್ತಾಗುತ್ತದೆ, ಕೂತ ಜಾಗದಲ್ಲಷ್ಟೇ ಚರ್ಮ ಅದುರಿಸಿ ಅದನ್ನು ಓಡಿಸುತ್ತದೆ. ಅಂಥ ಚರ್ಮದ ಮೇಲೆ ನನ್ನ ಕೈ. ಮೊದಮೊದಲು ರಾಣಿ ಅನ್ನುವ ಹೆಣ್ಣು ಕುದುರೆ ನಾನು ಹತ್ತಿರ ಹೋದರೆ ಸಾಕು, ಒಂದು ಹೆಜ್ಜೆ ಆಚೆ ಸರಿಯುತ್ತಿತ್ತು. ನಾನು ಬಾಯ್ತುಂಬ ನಗುತ್ತಾ, ಬಾಮ್ಮಾ ಚಿನ್ನಾ ಅಂತ ಮಾತಾಡಿಸುತ್ತಾ ಹೋಗುತ್ತಿದ್ದೆ. ಅದು ನನ್ನ ಮುಖದ ಕಡೆ ನೋಡಲೇ ಇಲ್ಲ. ಚಾಚಾ ಸ್ವಲ್ಪ ಹೊತ್ತು ನೋಡಿ, "ಮೇಡಮ್, ನೀವು ಉಸಿರು ಹಿಡ್ಕೊಂಡು ಬರ್ತೀರಿ. ಹುಲಿನೂ ಹಾಗೇ ಬರೋದು" ಅಂದರು.

ಅಲ್ಲೇ ನಿಂತು ಗಮನಿಸಿದೆ. ಹೌದು, ಉಸಿರು ಬಿಗಿಹಿಡಿದಿದ್ದೆ. ಭುಜ ಕಿವಿಯ ಹತ್ತಿರ ಬಂದಿತ್ತು. ಮುಖದಲ್ಲಿ ಮಾತ್ರ ನಗು. ಕೌಂಟರಿನಲ್ಲಿ ಕೂತಾಗ ಇರುವ ಅದೇ ಮೈ. ಮುಖಕ್ಕೆ ಕೊಟ್ಟ ತರಬೇತಿ ಕತ್ತಿನಿಂದ ಕೆಳಗೆ ಇಳಿದೇ ಇರಲಿಲ್ಲ. ಇದನ್ನು ಯಾವ ಡಾಕ್ಟರೂ ಹೇಳಿರಲಿಲ್ಲ. ಎದುರಿಗೆ ಕೂರುವ ಗಿರಾಕಿಗಳಿಗೂ ಕಂಡಿರಲಿಲ್ಲ, ಯಾಕಂದರೆ ಜನ ನೋಡುವುದು ಮುಖ. ಕುದುರೆ ಪೂರ್ತಿ ಮೈ ನೋಡುತ್ತದೆ.

ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಕುದುರೆ ಬೇಟೆಗೆ ಸಿಕ್ಕುವ ಪ್ರಾಣಿ. ಬಯಲಿನಲ್ಲಿ ಹುಲ್ಲು ಮೇಯುತ್ತಾ ಲಕ್ಷಾಂತರ ವರ್ಷ ಬದುಕಿ ಬಂದದ್ದು. ಪಕ್ಕದ ಕುದುರೆಯ ಕತ್ತು ಸೆಟೆದರೆ ತಾನೂ ಓಡಬೇಕು, ತಡ ಮಾಡಿದರೆ ಪ್ರಾಣ ಹೋಯಿತು. ಹಾಗಾಗಿ ಅಕ್ಕಪಕ್ಕದ ಮೈಗಳಲ್ಲಿ ಬಿಗಿ ಎಲ್ಲಿದೆ, ಸಡಿಲ ಎಲ್ಲಿದೆ ಅಂತ ಓದುವುದೇ ಅದರ ಬದುಕು. ನನ್ನ ಮೈಯನ್ನು ಓದುವುದೂ ತನ್ನ ಜೀವ ಉಳಿಸಿಕೊಳ್ಳಲಿಕ್ಕೆ. ನನ್ನನ್ನು ಉದ್ಧಾರ ಮಾಡುವ ಉದ್ದೇಶ ಅದಕ್ಕೆ ಖಂಡಿತ ಇಲ್ಲ. ಅದಕ್ಕೇ ಅದು ಹೇಳುವುದನ್ನು ನಂಬಬಹುದು ಅನ್ನಿಸುತ್ತದೆ. ನನ್ನನ್ನು ಮೆಚ್ಚಿಸುವ ಅಗತ್ಯ ಇಲ್ಲ, ನೋಯಿಸುವ ಆಸೆಯೂ ಇಲ್ಲ.

ಬರ್ಲಿನ್ನಿನಲ್ಲಿ ಹಾನ್ಸ್ ಅನ್ನುವ ಕುದುರೆ ಇತ್ತು, ನೂರಿಪ್ಪತ್ತು ವರ್ಷದ ಹಿಂದಿನ ಮಾತು. ವಿಲ್ಹೆಲ್ಮ್ ಫಾನ್ ಓಸ್ಟನ್ ಅನ್ನುವ ನಿವೃತ್ತ ಮೇಷ್ಟ್ರು ಅದಕ್ಕೆ ಲೆಕ್ಕ ಕಲಿಸಿದ್ದರು. ಮೂರಕ್ಕೆ ನಾಲ್ಕು ಕೂಡಿಸು ಅಂದರೆ ಏಳು ಸಲ ಗೊರಸು ಕುಟ್ಟುತ್ತಿತ್ತು. ಜನ ಮುಗಿಬಿದ್ದರು. 1904ರಲ್ಲಿ ಒಂದು ಸಮಿತಿ ಬಂದು ನೋಡಿ, ಮೋಸ ಏನೂ ಇಲ್ಲ ಅಂತ ಹೇಳಿತು. ಆಮೇಲೆ ಆಸ್ಕರ್ ಫುಂಗ್ಸ್ಟ್ ಅನ್ನುವವರು ಕೂತು ಪರೀಕ್ಷೆ ಮಾಡಿದರು. ಪ್ರಶ್ನೆ ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್ ತಪ್ಪುತ್ತಿತ್ತು. ಕೇಳುವವರು ಅದಕ್ಕೆ ಕಾಣದಿದ್ದರೂ ತಪ್ಪುತ್ತಿತ್ತು. ಆಗ ಗುಟ್ಟು ತಿಳಿಯಿತು. ಪ್ರಶ್ನೆ ಕೇಳಿದವರು ಗೊರಸಿನ ಕಡೆ ಚೂರು ಬಾಗುತ್ತಾರೆ. ಸರಿಯಾದ ಸಂಖ್ಯೆ ಬಂದ ಕೂಡಲೇ ಅವರ ತಲೆ ಕೂದಲೆಳೆಯಷ್ಟು ಮೇಲೇಳುತ್ತದೆ. ಹಾನ್ಸ್ ಅದನ್ನು ನೋಡಿ ನಿಲ್ಲಿಸುತ್ತಿತ್ತು.

ಈ ಕಥೆಯನ್ನು ಸಾಮಾನ್ಯವಾಗಿ ಕುದುರೆಗೆ ಲೆಕ್ಕ ಬರುತ್ತಿರಲಿಲ್ಲ ಅಂತ ಹೇಳಿ ಮುಗಿಸುತ್ತಾರೆ. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಬೇರೆ. ಗುಟ್ಟು ಗೊತ್ತಾದ ಮೇಲೆ ಫುಂಗ್ಸ್ಟ್ ಆ ಸನ್ನೆಯನ್ನು ತಾನು ಕೊಡದ ಹಾಗೆ ನಿಲ್ಲಲು ನೋಡಿದರು. ಆಗಲಿಲ್ಲ. ಹುಡುಕಿದವರು ಅವರೇ, ಏನು ಮಾಡಬಾರದು ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರೂ ಅವರೇ. ಆದರೂ ತಲೆ ಅಷ್ಟೇ ಅಷ್ಟು ಮೇಲೆದ್ದುಬಿಡುತ್ತಿತ್ತು. ತನ್ನ ಬಗ್ಗೆ ಗೊತ್ತಿರುವುದಕ್ಕೂ ತನ್ನ ಮೈ ಕೇಳುವುದಕ್ಕೂ ಎಷ್ಟು ದೂರ ನೋಡಿ. ಸ್ವಸಹಾಯದ ಭಾಷಣ ಕೇಳಿ ಬಂದ ಸಂಜೆ "ಇನ್ನು ಮೇಲೆ ನಾನು ಕೂಲ್" ಅಂದುಕೊಳ್ಳುವವರಿಗೆ ಈ ಪ್ರಯೋಗದ ಕಥೆ ಹೇಳಬೇಕು.

2009ರಲ್ಲಿ ಸ್ವೀಡನ್ನಿನಲ್ಲಿ ಇನ್ನೊಂದು ಪ್ರಯೋಗ ನಡೆದದ್ದು ಪ್ರಕಟವಾಯಿತು. ಲಿಂಡಾ ಕೀಲಿಂಗ್ ಮತ್ತು ಜೊತೆಯವರು ಮಾಡಿದ್ದು. ಕುದುರೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಸಿಕೊಂಡು ಅಥವಾ ಹತ್ತಿಕೊಂಡು ಹೋಗಬೇಕು. ಕೊನೇ ಸಲ ಹೋಗುವ ಮುಂಚೆ ಆ ಜನರಿಗೆ, ಈಗ ಪಕ್ಕದಲ್ಲಿ ಒಬ್ಬರು ಫಟ್ಟನೆ ಛತ್ರಿ ಬಿಚ್ಚುತ್ತಾರೆ ಅಂತ ಹೇಳಿದರು. ಛತ್ರಿ ಬಿಚ್ಚಲೇ ಇಲ್ಲ. ಆದರೆ ಮನುಷ್ಯರ ಎದೆಬಡಿತ ಏರಿತು. ಜೊತೆಗೆ ಕುದುರೆಗಳದ್ದೂ ಏರಿತು. ಕುದುರೆಗೆ ಛತ್ರಿಯ ಸುದ್ದಿ ಯಾರೂ ಹೇಳಿರಲಿಲ್ಲ ಅಲ್ವಾ!

ಇದನ್ನೇ ಮೈಸೂರಿನವರು ಪ್ರತಿ ವರ್ಷ ನೋಡುತ್ತೇವೆ. ದಸರೆಗೆ ಮುಂಚೆ ಆನೆಗಳನ್ನೂ ಅಶ್ವಾರೋಹಿ ಪೊಲೀಸರ ಕುದುರೆಗಳನ್ನೂ ನಿಲ್ಲಿಸಿ ಕುಶಾಲತೋಪಿನ ತಾಲೀಮು ಮಾಡುತ್ತಾರೆ. ಜಂಬೂ ಸವಾರಿಯ ದಿನ 21 ತೋಪು ಹಾರುವಾಗ ಬೆದರಬಾರದು ಅಂತ. ಮೊದಲ ದಿನ ಢಂ ಅಂದಾಗ ಕೆಲವು ಕುದುರೆ ಮುಂಗಾಲು ಎತ್ತುತ್ತವೆ, ಕೆಲವು ಗುಂಡಗೆ ತಿರುಗುತ್ತವೆ. ನಾನು ಮೊದಲು ಶಬ್ದ ಮಾಡುವ ಕಡೆ ನೋಡುತ್ತಿದ್ದೆ. ಈಗ ಮೇಲೆ ಕೂತವರ ಸೊಂಟ ನೋಡುತ್ತೇನೆ. ಪಳಗಿದ ಸವಾರ ಶಬ್ದಕ್ಕೆ ಮುಂಚೆ ಬಿಗಿಯಾಗುವುದಿಲ್ಲ. ಕೆಳಗಿನ ಕುದುರೆ ಅದುರುತ್ತದೆ, ಮೇಲಿನವರು ಅದುರುವುದಿಲ್ಲ. ಎರಡನೇ ತೋಪಿಗೆ ಕುದುರೆಯ ಕಿವಿ ಶಬ್ದದ ಕಡೆ ಒಂದು, ಸವಾರನ ಕಡೆ ಒಂದು ತಿರುಗಿರುತ್ತದೆ.

ನನಗೆ ಹತ್ತುವುದನ್ನು ಕಲಿಯುವ ಆಸೆ ಅಷ್ಟಾಗಿ ಇರಲಿಲ್ಲ. ಚಾಚಾ ಬಿಡಲಿಲ್ಲ. ಕಲಿಸುವ ಕೋಚ್ ಬೇರೆಯವರು, ಕಡಿಮೆ ಮಾತಿನ ಹುಡುಗ. ಅವನು ಮೊದಲ ದಿನ ಹೇಳಿದ ವಿಷಯ ನನ್ನನ್ನು ಬೆಚ್ಚಿಬೀಳಿಸಿತು. ಹೆದರಿದ ಮನುಷ್ಯ ಕುದುರೆ ಮೇಲೆ ಏನು ಮಾಡುತ್ತಾನೆ? ಮುಂದಕ್ಕೆ ಬಾಗಿ ಮುದುಡಿಕೊಳ್ಳುತ್ತಾನೆ, ಕಾಲಿನಿಂದ ಹೊಟ್ಟೆಯನ್ನು ಅವುಚಿ ಹಿಡಿಯುತ್ತಾನೆ, ಲಗಾಮು ಎಳೆಯುತ್ತಾನೆ. ಕುದುರೆಯ ಲೆಕ್ಕದಲ್ಲಿ ಕಾಲು ಒತ್ತಿದರೆ ಓಡು ಅಂತ. ಲಗಾಮು ಎಳೆದರೆ ನಿಲ್ಲು ಅಂತ. ಭಾರ ಮುಂದಕ್ಕೆ ಬಂದರೆ ಇನ್ನೂ ಜೋರಾಗಿ ಅಂತ. ಬೇಡ ಬೇಡ ಅಂತ ಬಾಯಲ್ಲಿ ಕೂಗುತ್ತಾ ಮೈಯೆಲ್ಲ ಓಡು ಅನ್ನುತ್ತಿರುತ್ತದೆ.

ರಾಣಿಯ ವಿಷಯ ಇನ್ನೂ ಕಷ್ಟ. ಅದು ರೇಸಿನಿಂದ ಬಂದದ್ದು. ನಮ್ಮ ಕಡೆ ರೈಡಿಂಗ್ ಶಾಲೆಗಳಲ್ಲಿರುವ ಎಷ್ಟೋ ಕುದುರೆಗಳು ರೇಸು ಮುಗಿಸಿ ಬಂದ ಥರೋಬ್ರೆಡ್ ತಳಿಯವು. ರೇಸಿನ ಕುದುರೆಗೆ ಬಿಗಿಯಾದ ಲಗಾಮಿಗೆ ಬಾಯಿ ಊರಿ ಓಡುವುದು ಅಭ್ಯಾಸ. ಎಳೆದಷ್ಟೂ ಅದು ಎಳೆತಕ್ಕೆ ಒರಗಿಕೊಂಡು ಮುಂದೆ ಹೋಗುತ್ತದೆ. ನಿಲ್ಲಬೇಕು ಅಂದರೆ ಕೈ ಸಡಿಲ ಮಾಡಬೇಕು, ಬೆನ್ನು ನೆಟ್ಟಗೆ ಮಾಡಿ ಕೂರಬೇಕು, ಉಸಿರು ಪೂರ್ತಿ ಹೊರಗೆ ಬಿಡಬೇಕು. ಓಡುತ್ತಿರುವ 450 ಕಿಲೋ ಪ್ರಾಣಿಯ ಮೇಲೆ ಕೂತು ಲಗಾಮು ಸಡಿಲ ಬಿಡು ಅಂದರೆ ಯಾರಿಗೆ ಮನಸ್ಸು ಬರುತ್ತದೆ? ಉಸಿರು ಬಿಟ್ಟೆ. ರಾಣಿಯ ಬೆನ್ನು ನನ್ನ ಕೆಳಗೆ ಮೆತ್ತಗಾದದ್ದು ತೊಡೆಗೆ ಗೊತ್ತಾಯಿತು. ಓಟ ಟ್ರಾಟಿಗೆ ಇಳಿಯಿತು, ಟ್ರಾಟು ನಡಿಗೆಗೆ. ಕೋಚ್ ಹುಡುಗ ದೂರದಿಂದ ಬರೀ ತಲೆ ಆಡಿಸಿದ.

ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಕಥೆ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಪೋಲಿಯೋದಿಂದ ಮಂಡಿಯ ಕೆಳಗೆ ಅವರ ಕಾಲುಗಳಿಗೆ ಶಕ್ತಿ ಉಳಿದಿರಲಿಲ್ಲ. ಕುದುರೆ ಹತ್ತಲು, ಇಳಿಯಲು ಬೇರೆಯವರು ಹಿಡಿದುಕೊಳ್ಳಬೇಕಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಸವಾರರ ಸನ್ನೆಗೆ ತಕ್ಕಂತೆ ಕುದುರೆ ನಾಜೂಕಾಗಿ ಹೆಜ್ಜೆ ಹಾಕುವ ಡ್ರೆಸಾಜ್ ಸ್ಪರ್ಧೆಗೆ ಹೆಂಗಸರನ್ನು ಮೊದಲ ಸಲ ಬಿಟ್ಟರು. ಹಾರ್ಟೆಲ್ ಗಂಡಸರ ಜೊತೆ ಸ್ಪರ್ಧಿಸಿ ಬೆಳ್ಳಿ ಗೆದ್ದರು, 1956ರಲ್ಲಿ ಮತ್ತೆ ಬೆಳ್ಳಿ. ಕಾಲಿನ ಸನ್ನೆ ಕೊಡಲಾಗದ ಸವಾರರ ಬೆನ್ನು, ಸೊಂಟ, ಭಾರ ಏನು ಹೇಳುತ್ತಿದೆ ಅಂತ ಕುದುರೆ ಕೇಳಿಸಿಕೊಂಡಿತು. ಕುದುರೆ ಸವಾರಿಯನ್ನು ಚಿಕಿತ್ಸೆಯಾಗಿ ಬಳಸುವುದು ಬೆಳೆಯಲು ಅವರ ಗೆಲುವೂ ಒಂದು ಕಾರಣವಾಯಿತು. ಆ ಚಿಕಿತ್ಸೆ ಬೇರೆಯದೇ ವಿಷಯ, ಅದಕ್ಕೆ ತರಬೇತಾದ ಫಿಸಿಯೋಥೆರಪಿಸ್ಟ್‌ಗಳು ಬೇಕು. ನನ್ನ ಮಾತನ್ನು ಅದರ ಜೊತೆ ಬೆರೆಸಬೇಡಿ.

ಕೆಳಗೆ ನಿಂತು ಮಾಡುವ ಕೆಲಸದಲ್ಲೇ ನನಗೆ ಜಾಸ್ತಿ ಸಿಕ್ಕಿದ್ದು. ಕುದುರೆಯನ್ನು ಒಂದು ಹೆಜ್ಜೆ ಹಿಂದೆ ಸರಿಸುವುದನ್ನೇ ತಗೊಳ್ಳಿ. ಎದೆಯ ಮೇಲೆ ಎರಡು ಬೆರಳು ಇಡಬೇಕು. ಮೊದಲು ಬರೀ ತಾಗಿಸಬೇಕು, ಆಮೇಲೆ ಚೂರು ಒತ್ತಬೇಕು, ಆಮೇಲೆ ಕಾಯಬೇಕು. ಕುದುರೆ ಯೋಚನೆ ಮಾಡುತ್ತದೆ. ಭಾರವನ್ನು ಹಿಂಗಾಲಿಗೆ ವಾಲಿಸುತ್ತದೆ. ಹೆಜ್ಜೆ ಇನ್ನೂ ಇಟ್ಟಿರುವುದಿಲ್ಲ. ಬೆರಳು ತೆಗೆಯಬೇಕಾದದ್ದು ಆ ಕ್ಷಣದಲ್ಲಿ. ನಾನು ಹೆಜ್ಜೆ ಇಡಲಿ ಅಂತ ಒತ್ತುತ್ತಲೇ ಇದ್ದೆ. ಚಾಚಾ ಹಿಂದಿನಿಂದ, "ಅದು ಕೊಟ್ಟಾಯ್ತು ಮೇಡಮ್, ನೀವು ಬಿಡಿ. ಬಿಡದಿದ್ರೆ ಅದಕ್ಕೆ ಹೆಂಗೆ ಗೊತ್ತಾಗ್ಬೇಕು?" ಅಂದರು. ಕುದುರೆ ಕಲಿಯುವುದು ಒತ್ತಿದಾಗ ಅಲ್ಲವಂತೆ, ಒತ್ತುವುದನ್ನು ಬಿಟ್ಟಾಗಲಂತೆ. ಸರಿಯಾದ ಕ್ಷಣಕ್ಕೆ ಬಿಟ್ಟರೆ ಮುಂದಿನ ಸಲ ಬೆರಳು ತಾಗಿಸಿದರೆ ಸಾಕು, ಸರಿಯುತ್ತದೆ. ತಡವಾಗಿ ಬಿಟ್ಟರೆ ಪ್ರತಿ ಸಲ ಜಾಸ್ತಿ ಜಾಸ್ತಿ ಒತ್ತುತ್ತಾ ಹೋಗಬೇಕು. ಕೊನೆಗೆ ಕುದುರೆ ಮೊಂಡು ಅನ್ನುವ ಹೆಸರು ಪಡೆಯುತ್ತದೆ.

ಆ ಒಂದು ಕ್ಷಣವನ್ನು ಹಿಡಿಯಬೇಕಾದರೆ ಬೇರೆ ಯಾವ ಯೋಚನೆಯೂ ಇರಬಾರದು. ನಾಳೆಯ ಆಡಿಟ್ ತಲೆಯಲ್ಲಿದ್ದರೆ ಭಾರ ವಾಲಿದ್ದು ಕಾಣುವುದೇ ಇಲ್ಲ. ಧ್ಯಾನದ ಶಿಬಿರಗಳಲ್ಲಿ ಕೂತಾಗ ನನಗೆ ನಿದ್ದೆ ಬರುತ್ತಿತ್ತು. ಇಲ್ಲಿ ಹಾಗಾಗುವುದಿಲ್ಲ, ಕುದುರೆ ನನ್ನ ಕಾಲ ಮೇಲೆ ಕಾಲಿಟ್ಟರೆ ಬೆರಳು ಮುರಿಯುತ್ತದೆ ಅನ್ನುವ ಎಚ್ಚರ ಇರುತ್ತದೆ ನೋಡಿ.

ಈಗ ಬಾದಶಾ ವಿಷಯಕ್ಕೆ ಬರುತ್ತೇನೆ. ನಾನು ಈ ಬರಹ ಬರೆಯಲು ಕೂತದ್ದೇ ಅವನಿಗಾಗಿ.

ಬಾದಶಾ ಕಂದು ಬಣ್ಣದ ಗಂಡು ಕುದುರೆ, ಬೀಜ ತೆಗೆಸಿದವನು. ಬೇರೆ ಯಾವುದೋ ಜಾಗದಲ್ಲಿ ವರ್ಷಾನುಗಟ್ಟಲೆ ಮಕ್ಕಳನ್ನು ಹೊತ್ತು ಸುತ್ತಿ, ಇಲ್ಲಿಗೆ ಬಂದಿದ್ದ. ಎಲ್ಲರೂ ಅವನನ್ನು ಹೊಗಳುವವರೇ. ಯಾರು ಹತ್ತಿದರೂ ಸುಮ್ಮನೆ ನಿಲ್ಲುತ್ತಾನೆ. ಬಾಲ ಎಳೆದರೂ ಏನೂ ಮಾಡಲ್ಲ. ಪಟಾಕಿ ಹೊಡೆದರೂ ಕಿವಿ ಅಲ್ಲಾಡಿಸಲ್ಲ. ತುಂಬಾ ಸಾಧು, ಹಸುವಿನಂಥ ಕುದುರೆ ಅಂತ. ಹೆದರುವ ಮಕ್ಕಳನ್ನು ಮೊದಲು ಅವನ ಮೇಲೆ ಕೂರಿಸುತ್ತಿದ್ದರು. ಅಪ್ಪ ಅಮ್ಮ ಫೋಟೋ ತೆಗೆಯುತ್ತಿದ್ದರು.

ಚಾಚಾಗೆ ಮಾತ್ರ ಅವನನ್ನು ಕಂಡರೆ ಬೇಜಾರು. "ಇದು ಸಾಧು ಅಲ್ಲ ಮೇಡಮ್. ಇದು ಬಿಟ್ಟಾಕಿದೆ" ಅಂದರು. ಆಮೇಲೆ ನಾನೂ ಗಮನವಿಟ್ಟು ನೋಡಿದೆ. ಕಣ್ಣು ತೆರೆದಿರುತ್ತಿತ್ತು, ಏನನ್ನೂ ನೋಡುತ್ತಿರಲಿಲ್ಲ. ಕಿವಿ ಎರಡೂ ಪಕ್ಕಕ್ಕೆ ವಾಲಿ ಅಲ್ಲೇ ಇರುತ್ತಿದ್ದವು. ಬೇರೆ ಕುದುರೆಗಳ ಕಿವಿ ರೇಡಾರಿನಂತೆ ತಿರುಗುತ್ತಲೇ ಇರುತ್ತದೆ. ಮೇವು ತಂದರೂ ತಲೆ ತಿರುಗಿಸುವುದು ನಿಧಾನ. ಹೆಗಲ ಮೇಲಿನ ದಿಬ್ಬದ ಹತ್ತಿರ ಕೆರೆದರೆ ಯಾವ ಕುದುರೆಗಾದರೂ ಖುಷಿ. ಅವು ಒಂದಕ್ಕೊಂದು ಹಲ್ಲಿನಿಂದ ಅಲ್ಲೇ ಕೆರೆದುಕೊಳ್ಳುತ್ತವೆ, ಹಾಗೆ ಕೆರೆದರೆ ಎದೆಬಡಿತ ಇಳಿಯುವುದನ್ನು ಅಳೆದು ನೋಡಿದ್ದಾರೆ ಕೂಡ. ರಾಣಿಗೆ ಅಲ್ಲಿ ಕೆರೆದರೆ ಮೇಲ್ದುಟಿ ಉದ್ದವಾಗಿ ಸೊಟ್ಟಗೆ ಕುಣಿಯುತ್ತದೆ. ಬಾದಶಾಗೆ ಎಷ್ಟು ಕೆರೆದರೂ ತುಟಿ ಅಲ್ಲಾಡಲಿಲ್ಲ. ಫ್ರಾನ್ಸಿನ ರೈಡಿಂಗ್ ಶಾಲೆಯ ಕುದುರೆಗಳ ಮೇಲೆ ಮಾಡಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಗಿದೆ. ಹೀಗೆ ಕತ್ತು ಬೆನ್ನಿನ ಮಟ್ಟಕ್ಕೆ ಇಟ್ಟು, ನೋಟ ನೆಟ್ಟು ನಿಲ್ಲುವ ಕುದುರೆಗಳನ್ನು ಮುಟ್ಟಿದರೂ ಅವು ಬೇರೆಯವುಗಳಷ್ಟು ಸ್ಪಂದಿಸುವುದಿಲ್ಲ ಅಂತ ಅದರಲ್ಲಿ ಬರೆದಿದ್ದಾರೆ. ಮನುಷ್ಯರ ಖಿನ್ನತೆಗೆ ಇದು ಹತ್ತಿರ ಇರಬಹುದೇ ಅನ್ನುವುದು ಅವರ ಪ್ರಶ್ನೆ.

ಅವನ ಬಗ್ಗೆ ಎಲ್ಲರೂ ಆಡುತ್ತಿದ್ದ ಮಾತು ನನಗೆ ಎಲ್ಲೋ ಕೇಳಿದ ಹಾಗಿತ್ತು. ಎಲ್ಲೋ ಏನು, ನಮ್ಮ ಮನೆಯಲ್ಲೇ. ಹುಡುಗಿ ಹಸುವಿನಂಥವಳು ಅಂತ ನನ್ನನ್ನು ನೋಡಲು ಬಂದವರಿಗೆ ಅಮ್ಮ ಹೇಳಿದ್ದು. ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾಳೆ, ಒಂದು ದಿನ ದನಿ ಎತ್ತಿದವಳಲ್ಲ. ಅತ್ತೆ ಮನೆಯಲ್ಲೂ ಅದೇ ಹೆಸರು ಮುಂದುವರಿಯಿತು. ಆಫೀಸಿನಲ್ಲಿ "ಏನಾದರೂ ಅಲ್ಲಾಡಲ್ಲ". ನಾನು ಅದನ್ನು ಸಮಾಧಾನ ಅಂತಲೇ ನಂಬಿದ್ದೆ, ಹೆಮ್ಮೆಯೂ ಇತ್ತು. ಬಾದಶಾನ ಪಕ್ಕ ನಿಂತು ಅವನ ಕಿವಿ ನೋಡುವಾಗ ನನ್ನ ದವಡೆ ಬಿಗಿಯಾಗಿತ್ತು. ಹೊಟ್ಟೆಯೊಳಗೆ ಏನೋ ತಣ್ಣಗಾಯಿತು. ಅಳು ಗಿಳು ಏನೂ ಬರಲಿಲ್ಲ. ಬ್ರಶ್ ತೊಳೆದಿಟ್ಟು ಮನೆಗೆ ಬಂದು ಅಕ್ಕಿ ತೊಳೆದೆ.

ಚಾಚಾ ಯಜಮಾನರನ್ನು ಕೇಳಿ ಬಾದಶಾನನ್ನು ಕ್ಲಾಸಿನಿಂದ ಬಿಡಿಸಿದರು. ಹಿಂದಿನ ಬಯಲಿಗೆ ಬೇರೆ ಎರಡು ಕುದುರೆಗಳ ಜೊತೆ ಬಿಟ್ಟರು. ಜೀನಿಲ್ಲ, ಲಗಾಮಿಲ್ಲ. ಕುದುರೆಯ ಹೊಟ್ಟೆ ದಿನದ ಮುಕ್ಕಾಲು ಪಾಲು ಮೇಯುತ್ತಲೇ ಇರಲು ಆಗಿಬಂದದ್ದು. ಎರಡು ಹೊತ್ತು ಹುರುಳಿ, ಬೂಸಾ ಕೊಟ್ಟು ಕಟ್ಟಿಹಾಕಿದರೆ ಅದಕ್ಕೆ ಹಿಂಸೆ. ಮೊದಲು ಅವನು ಬಯಲಿನ ಮೂಲೆಯಲ್ಲಿ ಲಾಯದಲ್ಲಿ ನಿಲ್ಲುವ ಹಾಗೇ ನಿಂತಿರುತ್ತಿದ್ದ. ಆಮೇಲೆ ಮೇಯತೊಡಗಿದ. ಒಂದು ಬೆಳಿಗ್ಗೆ ಅವನ ಬಾಲದಲ್ಲಿ, ಪಕ್ಕೆಯ ಮೇಲೆ ಒಣಹುಲ್ಲು ಅಂಟಿತ್ತು. ಚಾಚಾ ಅದನ್ನು ಹೆಕ್ಕಿ ನನಗೆ ತೋರಿಸಿದರು, ಮುಖ ಅರಳಿತ್ತು. ರಾತ್ರಿ ಮಲಗಿದ್ದಾನೆ ಅಂತ ಅರ್ಥ. ಕುದುರೆ ನಿಂತೇ ತೂಕಡಿಸಬಲ್ಲದು, ಆದರೆ ಕನಸು ಬೀಳುವಂಥ ಗಾಢ ನಿದ್ದೆಗೆ ಮಲಗಲೇಬೇಕು. ಭಯವಿರುವ ಕಡೆ ಅದು ಮಲಗುವುದಿಲ್ಲ.

ಅದಾದ ಮೇಲೆ ಒಂದು ಸಂಜೆ ಅವನಿಗೆ ಜೀನು ಹಾಕಿ ನೋಡೋಣ ಅಂತಾಯಿತು. ನಾನು ಹೊಟ್ಟೆ ಪಟ್ಟಿ ಬಿಗಿಯಲು ಕೈ ಹಾಕಿದೆ. ಬಾದಶಾ ಕಿವಿ ಎರಡನ್ನೂ ಹಿಂದಕ್ಕೆ ಮಡಚಿ ತಲೆಗೆ ಅಂಟಿಸಿದ. ಕತ್ತು ತಿರುಗಿಸಿ, ಹಲ್ಲು ಕಾಣುವ ಹಾಗೆ ನನ್ನ ತೋಳಿನ ಕಡೆ ಬಂದ. ಕಚ್ಚಲಿಲ್ಲ. ನಾನು ಛಂಗನೆ ಹಿಂದೆ ಹಾರಿದೆ. ಅಲ್ಲಿದ್ದ ಒಬ್ಬ ಹುಡುಗ, "ಅಯ್ಯೋ, ಇವನೂ ಕೆಟ್ಟುಹೋದನಲ್ಲ" ಅಂದ. ಚಾಚಾ ನಗುತ್ತಿದ್ದರು. "ಕೆಟ್ಟಿಲ್ಲ ಮಗಾ, ಈಗ ಮಾತಾಡ್ತಿದಾನೆ" ಅಂದರು. ಪಟ್ಟಿಯ ಕೆಳಗೆ ಕೈ ಹಾಕಿ ನೋಡಿದರೆ ಚರ್ಮ ಗಟ್ಟಿಯಾಗಿ ಗಾಯದ ಕಲೆ ಇತ್ತು. ಪಟ್ಟಿ ಅಲ್ಲಿ ಉಜ್ಜುತ್ತಿತ್ತು. ಇಷ್ಟು ವರ್ಷ ಉಜ್ಜುತ್ತಲೇ ಇದ್ದಿರಬೇಕು. ಕುರಿ ಉಣ್ಣೆಯ ಮೆತ್ತೆ ಇರುವ ಪಟ್ಟಿ ತರಿಸಿದ ಮೇಲೆ ಕಿವಿ ಅರ್ಧದಷ್ಟು ಮಾತ್ರ ಹಿಂದೆ ಹೋಗುತ್ತದೆ.

ನನ್ನ ಹೆಸರು ಕೆಟ್ಟ ಕಥೆ ಇಲ್ಲಿಂದ ಶುರು. ಆಫೀಸಿನಲ್ಲಿ ವರ್ಷದ ಕೊನೆಯ ಹೆಚ್ಚುವರಿ ಫೈಲುಗಳು ನನ್ನ ಮೇಜಿಗೇ ಬರುವುದು ವಾಡಿಕೆ. ಈ ಸಲ ಬಂದಾಗ ಭುಜ ಮೇಲೇರಿದ್ದು ಗೊತ್ತಾಯಿತು. ಮೊದಲೂ ಏರುತ್ತಿದ್ದಿರಬೇಕು, ಗೊತ್ತಾಗುತ್ತಿರಲಿಲ್ಲ ಅಷ್ಟೇ. ಉಸಿರು ಬಿಟ್ಟು, "ಇದು ನನ್ನ ಕೈಲಾಗಲ್ಲ ಸಾರ್, ಅರ್ಧ ಬೇರೆಯವರಿಗೆ ಕೊಡಿ" ಅಂದೆ. ಸಾಹೇಬರು ನನಗೆ ಹುಷಾರಿಲ್ಲವೇನೋ ಅಂದುಕೊಂಡರು. ಮನೆಯಲ್ಲಿ ಹಬ್ಬಕ್ಕೆ ಹತ್ತಿಪ್ಪತ್ತು ಜನರ ಅಡುಗೆ ನಾನೊಬ್ಬಳೇ ಮಾಡುವುದಿಲ್ಲ, ಒಬ್ಬಟ್ಟು ಹೊರಗಿನಿಂದ ತರಿಸೋಣ ಅಂದೆ. ನಾದಿನಿ ಮುಖ ದಪ್ಪ ಮಾಡಿದಳು. ಆ ಕುದುರೆ ಸಹವಾಸ ಮಾಡಿ ಅತ್ತಿಗೆ ಒಂಥರಾ ಆಗಿದ್ದಾರೆ ಅನ್ನುವ ಮಾತು ಸುತ್ತಿ ಬಳಸಿ ನನ್ನ ಕಿವಿಗೂ ಬಂತು. ಗಂಡ ಏನೂ ಅನ್ನಲಿಲ್ಲ. ಹಬ್ಬದ ಹಿಂದಿನ ದಿನ ತಾವೇ ಹೋಗಿ ಒಬ್ಬಟ್ಟಿಗೆ ಹೇಳಿ ಬಂದರು.

ಬೆಳವಣಿಗೆ ಅಂದರೆ ಜನ ಹೊಳೆಯುವ ಮುಖ, ಮೆಲುದನಿ ಅಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಹೊರಗಿನವರಿಗೆ ಕಂಡದ್ದು ಸಿಡುಕು. ಒಳಗೆ ಆದದ್ದು ಇಷ್ಟೇ: ಮೈ ಬಿಗಿಯಾದಾಗ ಆಗಲೇ ಗೊತ್ತಾಗುತ್ತದೆ, ಸಂಜೆಯ ಅಮೃತಾಂಜನದವರೆಗೆ ಕಾಯಬೇಕಾಗಿಲ್ಲ. ಗೊತ್ತಾದ ಮೇಲೆ ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ಅಂತ ನಾನು ತೀರ್ಮಾನ ಮಾಡಬಹುದು. ಎಷ್ಟೋ ಸಲ ಈಗಲೂ ಹೂಂ ಅಂತಲೇ ಅನ್ನುತ್ತೇನೆ. ಕೌಂಟರಿನ ಎದುರು ಕೂತ ಹೆಂಗಸರನ್ನೂ ಬೇರೆ ಥರ ನೋಡುತ್ತೇನೆ. ಕೂಗಾಡುವವರಿಗಿಂತ, ಎಲ್ಲ ಕಾಗದಕ್ಕೂ ಕೇಳದೆ ಸಹಿ ಹಾಕುವವರ ಹತ್ತಿರ ಜಾಸ್ತಿ ಹೊತ್ತು ಮಾತಾಡುತ್ತೇನೆ. ನಾಮಿನಿ ಹೆಸರಿನ ಖಾತೆ ಯಾರ ಕೈಯಲ್ಲಿದೆ ಅಂತ ಕೇಳುತ್ತೇನೆ. ಪಕ್ಕದಲ್ಲಿರುವ ಮೈದುನನನ್ನು ಜೆರಾಕ್ಸ್ ತರಲು ಕಳಿಸಿ ಕೇಳುತ್ತೇನೆ.

ಒಂದು ಮಾತ್ರ ನನಗೆ ಇನ್ನೂ ಸರಿಹೋಗಿಲ್ಲ. ನನಗೆ ಇಷ್ಟೆಲ್ಲ ಸಿಕ್ಕಿತು, ಕುದುರೆಗೆ ಏನು ಸಿಕ್ಕಿತು? ಒತ್ತಿ ಬಿಡುವ ಕಲೆ ಎಷ್ಟೇ ನಾಜೂಕಾಗಿದ್ದರೂ ಹಗ್ಗ ಇರುವುದು ನನ್ನ ಕೈಯಲ್ಲಿ. ರಾಣಿಗೆ ಇವತ್ತು ಬೇಡ ಅನ್ನಿಸಿದರೆ ಎದ್ದು ಹೋಗುವ ದಾರಿ ಇಲ್ಲ. ಅರ್ಧ ದಿನದ ಶಿಬಿರಗಳ ಮೇಲೆ ನನಗಿರುವ ತಕರಾರೂ ಇದೇ. ಬೆಳಿಗ್ಗೆಯಿಂದ ಹತ್ತಾರು ಮಂದಿ ಬಂದು ತಮ್ಮ ತಮ್ಮ ದುಗುಡವನ್ನೆಲ್ಲ ಒಂದೇ ಕುದುರೆಯ ಮುಂದೆ ಸುರಿದು, ಹಗುರಾಗಿ ಊಟಕ್ಕೆ ಹೋಗುತ್ತಾರೆ. ಅದರ ಎದೆಬಡಿತ ಯಾರೂ ಎಣಿಸುವುದಿಲ್ಲ. ಎಣಿಸುವುದು ಸುಲಭ. ಮುಂಗಾಲಿನ ಹಿಂದೆ, ಮೊಣಕೈಯ ಹತ್ತಿರ ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ ಆಯಿತು. ಆರಾಮಾಗಿ ನಿಂತ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44ರವರೆಗೆ ಇರುತ್ತದೆ.

ಈ ಬರಹ ಓದಿ ನೀವೂ ಹೋಗಿ ನೋಡೋಣ ಅಂದುಕೊಂಡರೆ, ಹತ್ತುವ ಆತುರ ಬೇಡ. ಮೊದಲು ಲಾಯದಲ್ಲಿ ಸುಮ್ನೆ ಅಡ್ಡಾಡಿ. ನೀವು ಮುಂದೆ ಹಾದುಹೋದಾಗ ಕುದುರೆಗಳು ತಲೆ ಹೊರಗೆ ಹಾಕಿ ನೋಡುತ್ತವಾ, ಕಿವಿ ತಿರುಗಿಸುತ್ತವಾ, ಇಲ್ಲ ಗೋಡೆ ನೋಡಿಕೊಂಡು ನಿಂತಿವೆಯಾ ಅಂತ ಗಮನಿಸಿ. ದಿನಕ್ಕೆ ಎಷ್ಟು ಹೊತ್ತು ಬಯಲಿಗೆ ಬಿಡುತ್ತೀರಿ ಅಂತ ಕೇಳಿ. ಬೆಳಗಿನ ಹೊತ್ತು ಹೋದರೆ ಬಾಲಗಳಲ್ಲಿ ಹುಲ್ಲು ಇದೆಯಾ ನೋಡಿ. ನಿಮ್ಮ ತೂಕ, ಜೀನಿನ ತೂಕ ಎರಡೂ ಸೇರಿ ಕುದುರೆಯ ತೂಕದ ಐದನೇ ಒಂದು ಪಾಲು ಮೀರಬಾರದು ಅನ್ನುವುದು ಸಾಮಾನ್ಯ ಲೆಕ್ಕ. ಅದನ್ನು ಅವರೇ ಕೇಳಿದರೆ ಒಳ್ಳೇ ಜಾಗ ಅನ್ನಬಹುದು. ನಮ್ಮಲ್ಲಿ ಎಲ್ಲಾ ಕುದುರೆಗಳೂ ತುಂಬಾ ಸಾಧು, ಏನು ಮಾಡಿದರೂ ಸುಮ್ಮನಿರುತ್ತವೆ ಅಂತ ಯಾರಾದರೂ ಹೊಗಳಿಕೊಂಡರೆ ಇನ್ನೊಂದು ಲಾಯ ಹುಡುಕಿ. ಹೆಲ್ಮೆಟ್ ಇಲ್ಲದೆ ಹತ್ತಿಸುವವರಾದರಂತೂ ಗೇಟಿನಿಂದಲೇ ವಾಪಸ್ ಬನ್ನಿ.